ಮೀನು ಮಾರುವವರು ರಾಜನ ಮನೆಗೆ ಹೋದ ದಿನ

ನನ್ನ ಅಜ್ಜಿ ಮಲ್ಪೆಯಿಂದ ಬಂಗುಡೆ, ಬೂತಾಯಿ ತಂದು ಮಾರುತ್ತಿದ್ದರು. ಮಂಡೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಎಲೆ ಅಡಿಕೆ ಸಂಚಿ. ಐಸಿನ ರೇಟು ಯಾಕೆ ಏರಿತು, ಮಾರ್ಕೆಟ್ಟಿನ ಸುಂಕ ಹೆಚ್ಚಿಸಿದ್ದು ಯಾರು, ಈ ಸಲ ಯಾರಿಗೆ ಓಟು ಹಾಕಬಾರದು, ಎಲ್ಲ ಅವರಿಗೆ ಗೊತ್ತಿತ್ತು. ಆದರೂ ಮನೆಗೆ ಬಂದವರು ರಾಜಕೀಯ ಮಾತಾಡಲು ಅಜ್ಜನನ್ನೇ ಹುಡುಕುತ್ತಿದ್ದರು.

ಅದಕ್ಕೇ ಇರಬೇಕು, ಫ್ರಾನ್ಸಿನ ಕ್ರಾಂತಿಯ ಬಗ್ಗೆ ಓದುವಾಗೆಲ್ಲ ಪ್ಯಾರಿಸ್ಸಿನ ಮೀನು ಮಾರುವ ಹೆಂಗಸರ ಹತ್ತಿರ ಬಂದು ನಿಂತುಬಿಡುತ್ತೇನೆ. 1789ರ ಅಕ್ಟೋಬರ್ 5. ಊರಲ್ಲಿ ಬ್ರೆಡ್ ಸಿಗುತ್ತಿಲ್ಲ. ಮಾರ್ಕೆಟ್ಟಿನ ಹೆಂಗಸರು ನಗರಸಭೆಯ ಕಟ್ಟಡಕ್ಕೆ ನುಗ್ಗಿ ಆಯುಧ ಎತ್ತಿಕೊಂಡರು. ಆಮೇಲೆ ಸಾವಿರಾರು ಜನ ಮಳೆಯಲ್ಲಿ ನೆನೆಯುತ್ತಾ, ಫಿರಂಗಿ ಎಳೆದುಕೊಂಡು, ಸುಮಾರು 20 ಕಿಲೋಮೀಟರ್ ನಡೆದು ರಾಜನಿದ್ದ ವರ್ಸೇಲ್ಸ್ ಸೇರಿದರು.

ಹಸಿದ ಹೆಂಗಸರು ಬ್ರೆಡ್ ಕೇಳಲು ಹೋದರು. ಶಾಲೆಯಲ್ಲಿ ನಾನು ಕಲಿತದ್ದು ಇಷ್ಟೇ. ಈಗ ನೆನೆದರೆ ಬೇಜಾರಾಗುತ್ತದೆ. ಅವರು ಸುಮ್ನೆ ಕೈಚಾಚಿ ಬಾಗಿಲಲ್ಲಿ ನಿಲ್ಲಲಿಲ್ಲ. ಜನಪ್ರತಿನಿಧಿಗಳು ಸೇರುತ್ತಿದ್ದ ರಾಷ್ಟ್ರೀಯ ಸಭೆಯ ಒಳಗೇ ಹೋಗಿ ಸದಸ್ಯರ ಬೆಂಚುಗಳ ಮೇಲೆ ಕೂತರು. ಅವರಲ್ಲಿ ಕೆಲವರು ಹದಿನಾರನೇ ಲೂಯಿಯನ್ನೇ ಕಂಡು ಮಾತಾಡಿದರು. ಮಾನವ ಹಕ್ಕುಗಳ ಘೋಷಣೆಗೆ ಒಪ್ಪದೆ ವಾರಗಟ್ಟಲೆ ಎಳೆದಾಡುತ್ತಿದ್ದ ರಾಜ ಅದೇ ರಾತ್ರಿ ಒಪ್ಪಿದ. ಮರುದಿನ ಹೆಂಡತಿ ಮಕ್ಕಳ ಜೊತೆ ಅವನನ್ನು ಪ್ಯಾರಿಸ್ಸಿಗೆ ಕರೆತಂದೇ ಬಿಟ್ಟರು. ಆಮೇಲೆ ಫ್ರಾನ್ಸಿನ ಯಾವ ರಾಜನೂ ವರ್ಸೇಲ್ಸಿನಲ್ಲಿ ವಾಸ ಮಾಡಲಿಲ್ಲ. ಇದು ರಾಜಕೀಯ ಅಲ್ವಾ?

1793ರಲ್ಲಿ ಪಾಲಿನ್ ಲಿಯೋನ್, ಕ್ಲೇರ್ ಲಕೋಂಬ್ ಸೇರಿ ಹೆಂಗಸರದ್ದೇ ಒಂದು ಕ್ರಾಂತಿಕಾರಿ ಸಂಘ ಕಟ್ಟಿದರು. ಸಂಘದವರಿಗೂ ಮಾರ್ಕೆಟ್ಟಿನವರಿಗೂ ಹೊಂದಿಕೆಯಾಗಲಿಲ್ಲ. ದಿನಬಳಕೆಯ ಸಾಮಾನಿನ ಬೆಲೆಗೆ ಮಿತಿ ಹಾಕಿ ಎಂದು ಸಂಘದವರು, ವ್ಯಾಪಾರ ಕೆಡುತ್ತದೆ ಎಂದು ಮಾರ್ಕೆಟ್ಟಿನವರು. ಬೀದಿಯಲ್ಲೇ ಹೊಡೆದಾಟ ಆಯಿತು. ಅದನ್ನೇ ನೆಪ ಮಾಡಿಕೊಂಡು ಅಕ್ಟೋಬರ್ 30ರಂದು ಸರ್ಕಾರ ಹೆಂಗಸರ ಎಲ್ಲ ಸಂಘಗಳನ್ನೂ ಮುಚ್ಚಿಸಿತು. ಗಂಡಸರೂ ಬೇಕಾದಷ್ಟು ಹೊಡೆದಾಡಿದ್ದರು. ಅದಕ್ಕಾಗಿ ಗಂಡಸರೆಲ್ಲ ಮನೆಯಲ್ಲಿರಿ ಅಂತ ಯಾರೂ ಹೇಳಲಿಲ್ಲ. ಅಲ್ಲಿನ ಹೆಂಗಸರಿಗೆ ಓಟಿನ ಹಕ್ಕು ಸಿಕ್ಕಿದ್ದು 1944ರಲ್ಲಿ.

ನನಗೆ ತಡೆಯಲಾಗದ್ದು 1795ರ ಮೇ ತಿಂಗಳ ಆದೇಶ. ಐದಕ್ಕಿಂತ ಹೆಚ್ಚು ಹೆಂಗಸರು ಬೀದಿಯಲ್ಲಿ ಗುಂಪು ಸೇರಿದರೆ ಚದುರಿಸಬೇಕು, ಕದಲದಿದ್ದರೆ ಹಿಡಿದು ಹಾಕಬೇಕು. ಬೆಳಿಗ್ಗೆ ಅಜ್ಜಿಯ ಸಾಲಿನಲ್ಲೇ ಹನ್ನೊಂದು ಬುಟ್ಟಿ ಇರುತ್ತಿದ್ದವು.