ಎಮರ್ಜೆನ್ಸಿ ಡ್ಯೂಟಿಗೆ ಜೇಬಿನಲ್ಲಿ ಏನಿರಬೇಕು?

ಎಮರ್ಜೆನ್ಸಿ ಮೆಡಿಸಿನ್ ಕಲಿಯುವವರು ಜೊತೆಗೊಯ್ಯುವ ಸಾಮಗ್ರಿಗೆ ಎರಡು ಕೆಲಸ: ರೋಗಿಯ ಪಕ್ಕದಲ್ಲಿ ಡೋಸ್ ಖಚಿತಪಡಿಸಿಕೊಳ್ಳುವುದು, ಬಿಡುವಿನಲ್ಲಿ ಓದುವುದು. ಒಂದೇ ಆ್ಯಪ್ ಎರಡನ್ನೂ ಚೆನ್ನಾಗಿ ಮಾಡುವುದು ಅಪರೂಪ.

ಮೊದಲನೆಯದಕ್ಕೆ ಲ್ಯಾಮಿನೇಟ್ ಮಾಡಿದ ಕಾರ್ಡೇ ವಾಸಿ. ಗ್ಲೌಸ್ ಹಾಕಿದ ಕೈಯಲ್ಲೂ ಹಿಡಿಯಬಹುದು, ಒರೆಸಿ ಶುಚಿ ಮಾಡಬಹುದು. ಅದರಲ್ಲಿ ಮಿಲಿಗ್ರಾಂ ಜೊತೆಗೆ ಔಷಧದ ಸಾಂದ್ರತೆ, ಮಿಲಿಲೀಟರ್, ಕೊಡುವ ಮಾರ್ಗ ಮೂರೂ ಇರಲೇಬೇಕು. ಅಡ್ರಿನಲಿನ್ ನೋಡಿ: ವಯಸ್ಕರ ಅನಾಫಿಲ್ಯಾಕ್ಸಿಸ್‌ಗೆ (ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ) 0.5 ಮಿ.ಗ್ರಾಂ, ಅಂದರೆ 1 ಮಿ.ಗ್ರಾಂ/ಮಿ.ಲೀ. ದ್ರಾವಣದ 0.5 ಮಿ.ಲೀ., ತೊಡೆಯ ಹೊರಭಾಗದ ಸ್ನಾಯುವಿಗೆ. ಹೃದಯಸ್ತಂಭನದಲ್ಲಿ 1 ಮಿ.ಗ್ರಾಂ ರಕ್ತನಾಳಕ್ಕೆ, 3–5 ನಿಮಿಷಕ್ಕೊಮ್ಮೆ. ಮಾರ್ಗ ಬರೆಯದ ಕಾರ್ಡ್ ಗಾಬರಿಯಲ್ಲಿ ಇವೆರಡನ್ನು ಅದಲುಬದಲು ಮಾಡಿಸಿಬಿಡುತ್ತದೆ. ಅಂಥದ್ದನ್ನು ದಯವಿಟ್ಟು ಜೇಬಿಗಿಡಬೇಡಿ.

ಆ್ಯಪ್‌ಗೆ ದುಡ್ಡು ಕೊಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆರೆದು ನೋಡಿ. ಚಿತ್ರಗಳು, ಕ್ಯಾಲ್ಕುಲೇಟರ್ ಬಾರದಿದ್ದರೆ, ಮತ್ತೆ ಲಾಗಿನ್ ಕೇಳಿದರೆ, ಬೇಡ. ಕೊನೆಯ ಪರಿಷ್ಕರಣೆಯ ದಿನಾಂಕವನ್ನೂ ಹುಡುಕಿ: ಪುನಶ್ಚೇತನದ (ಹೃದಯ ನಿಂತವರನ್ನು ಬದುಕಿಸುವ ಚಿಕಿತ್ಸೆಯ) ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2015, 2020, 2025ರಲ್ಲಿ ಬದಲಾಗಿವೆ.

ಆಡಿಯೊ ಪ್ರಯಾಣಕ್ಕೆ ಸರಿ. ಆದರೆ ಇಸಿಜಿಯನ್ನು ಕಿವಿಯಿಂದ ಕಲಿಯಲಾಗದು. ಅದಕ್ಕೆ ದಿನಕ್ಕೆ ಐದು ಫ್ಲ್ಯಾಶ್‌ಕಾರ್ಡ್, ಉತ್ತರ ಮುಚ್ಚಿಟ್ಟು.