ನೀಲಿ ಡಬ್ಬಿ

ಅಮ್ಮನ ಬಿಪಿ ಮಾತ್ರೆಗೆ ಅಂತ ಇವತ್ತು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಮೂಲೆಯಲ್ಲಿ ನೀಲಿ ಐಸ್ ಡಬ್ಬಿ ಕಂಡಿತು. ಹಿಡಿಕೆ ಮುರಿದಿದೆ, ಸೆಣಬಿನ ದಾರ ಕಟ್ಟಿದ್ದಾರೆ. 2020ರಲ್ಲಿ ಅಪ್ಪನ ಗಂಟಲು ದ್ರವ ಕೊರೊನಾ ಪರೀಕ್ಷೆಗೆ ಇಂಥದ್ದೇ ಡಬ್ಬಿಯಲ್ಲಿ ಹೋಗಿತ್ತು. ರಿಪೋರ್ಟ್ ಬಂದಿದ್ದು ಆರನೇ ದಿನ. ಅಲ್ಲೀವರೆಗೂ ಅಮ್ಮ ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಗಂಜಿ ಇಟ್ಟು, ಬಾಗಿಲು ತಟ್ಟಿ ಬರ್ತಿದ್ದರು.

ಆ ವರ್ಷ ಮಾರ್ಚ್ 10ಕ್ಕೆ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರಲ್ಲ, ದೇಶದ ಮೊದಲ ಕೊರೊನಾ ಸಾವು. ಅದು ಕೊರೊನಾ ಅಂತ ಖಚಿತವಾಗಿದ್ದು 12ಕ್ಕೆ. ಆ ಎರಡು ದಿನ ನೆನೆದರೆ ಈಗಲೂ ಎದೆ ಭಾರವಾಗುತ್ತೆ.

ಕ್ಷಯ ಪತ್ತೆಗೆ ಬಳಸ್ತಿದ್ದ ಟ್ರೂನಾಟ್ ಯಂತ್ರವನ್ನ ಕೊರೊನಾಗೂ ಬಳಸಬಹುದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಒಪ್ಪಿದ್ದು ಏಪ್ರಿಲ್‌ನಲ್ಲಿ. ಮೇಜಿನ ಮೇಲೆ ಕೂರುವ, ಬ್ಯಾಟರಿಯಲ್ಲೂ ನಡೆಯುವ ಯಂತ್ರ. ಸರ್ಕಾರದ ಸಿದ್ಧತೆ ಅಂದರೆ ನನಗೆ ಇದೇ: ದಿನಾ ಕೆಲಸ ಮಾಡೋ ಯಂತ್ರ ತಾಲ್ಲೂಕಿನಲ್ಲಿರಬೇಕು, ಪ್ರತಿ ಪರೀಕ್ಷೆಗೂ ಅದಕ್ಕೆ ಬೇಕಾಗೋ ಚಿಪ್ ದಾಸ್ತಾನಿರಬೇಕು, ಟೆಕ್ನೀಷಿಯನ್ ಹುದ್ದೆ ಖಾಯಂ ಆಗಿರಬೇಕು. ಜ್ವರ ಹಬ್ಬಿದ ಮೇಲೆ ಟೆಂಡರ್ ಕರೆದರೆ ಯಾರಿಗೆ ಬಂತು?

ಸಿಸ್ಟರನ್ನ ಕೇಳಿದೆ, ಹೊಸ ಡಬ್ಬಿಗೆ ಬರೆದಿದ್ದಾರಂತೆ.