ಲಾ ಫೋರ್ಟುನಾ: ಮೊದಲು ಜಿಪ್‌ಲೈನ್, ಆಮೇಲೆ ಜಲಪಾತ

ಕೋಸ್ಟರೀಕಾದ ಲಾ ಫೋರ್ಟುನಾ ಊರಿನಲ್ಲಿ ಮಳೆಕಾಡಿನ ಜಿಪ್‌ಲೈನ್ (ಕೇಬಲ್‌ಗೆ ನೇತುಬಿದ್ದು ಜಾರುವ ಆಟ), ಜಲಪಾತ ಎರಡನ್ನೂ ಒಂದೇ ದಿನ ಮುಗಿಸಬಹುದು. ಆದರೆ ಜಿಪ್‌ಲೈನ್ ಬೆಳಿಗ್ಗೆಯೇ ಆಗಲಿ. ಅರೆನಾಲ್ ಜ್ವಾಲಾಮುಖಿಯ ಈ ಮಗ್ಗುಲಲ್ಲಿ ವರ್ಷವಿಡೀ ಮಳೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಜೋರು. ಬರೀ ಮಳೆಗೆ ಜಿಪ್‌ಲೈನ್ ನಿಲ್ಲುವುದಿಲ್ಲ, ಸಿಡಿಲಿಗೆ ನಿಲ್ಲುತ್ತದೆ. ಜೊತೆಗೆ, ಜಲಪಾತದಲ್ಲಿ ನೆನೆದ ಬಟ್ಟೆಯ ಮೇಲೆ ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಸುರಕ್ಷಾ ಪಟ್ಟಿ) ಬಿಗಿದರೆ ತೊಡೆ ತರಚುತ್ತದೆ.

ಸ್ಯಾನ್ ಹೋಸೆಯಿಂದ ದೂರ ಸುಮಾರು 130 ಕಿ.ಮೀ. ಅಷ್ಟೇ, ಆದರೂ ಘಾಟಿಯ ತಿರುವು, ಮಂಜು ಸೇರಿ 3 ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆಲ್ಲ ಕತ್ತಲು. ಹಿಂದಿನ ರಾತ್ರಿಯೇ ಊರು ಸೇರಿಕೊಳ್ಳಿ. ಜಿಪ್‌ಲೈನ್‌ಗೆ ತೂಕ, ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ಥರ. ದುಡ್ಡು ಕಟ್ಟುವ ಮೊದಲೇ ಕೇಳಿ.

ಹಾರ್ನೆಸ್‌ನ ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ತೊಡೆಯ ಪಟ್ಟಿಯೊಳಗೆ ಎರಡು ಬೆರಳು ತೂರಿದರೆ ಸಾಕು, ಅಂಗೈ ಹೋದರೆ ಸಡಿಲ. ಮೊಣಕಾಲು ಮುಚ್ಚುವ ಪ್ಯಾಂಟು, ಬೆರಳು ಮುಚ್ಚುವ ಶೂ ಇರಲಿ. ಉದ್ದ ಕೂದಲನ್ನು ಹೆಲ್ಮೆಟ್ಟಿನೊಳಗೆ ಸೇರಿಸಿ, ಕೇಬಲ್ ಮೇಲೆ ಉರುಳುವ ರಾಟೆಗೆ ಸಿಕ್ಕಿದರೆ ಅನಾಹುತ. ಕೈಯಿಂದಲೇ ಬ್ರೇಕ್ ಹಾಕುವ ಕಡೆ ಗ್ಲೌಸ್ ತೊಟ್ಟ ಕೈ ಸದಾ ರಾಟೆಯ ಹಿಂದಿರಬೇಕು, ಮುಂದೆ ಎಂದೂ ಬೇಡ. ಹೆದರಿ ಬೇಗ ಬ್ರೇಕ್ ಒತ್ತಿದವರು, ಎದುರುಗಾಳಿಗೆ ಸಿಕ್ಕ ಹಗುರ ಮೈಯವರು ನಡುವೆ ನಿಂತುಬಿಡುತ್ತಾರೆ. ಆಗ ಮುಂದಿನ ಕಟ್ಟೆಗೆ ಬೆನ್ನು ಹಾಕಿ ತಿರುಗಿ, ಬಾವಿಯ ಹಗ್ಗ ಸೇದಿದಂತೆ ಒಂದರ ಹಿಂದೊಂದು ಕೈಯಿಟ್ಟು ಕೇಬಲ್ ಎಳೆಯುತ್ತ ಹಿಮ್ಮುಖವಾಗಿ ಸಾಗಬೇಕು. ಎರಡೇ ನಿಮಿಷದ ಕೆಲಸ, ಗಾಬರಿ ಬೇಡ.

ಜಲಪಾತ ಸುಮಾರು 70 ಮೀಟರ್ ಎತ್ತರ, ಬುಡಕ್ಕೆ ಸುಮಾರು 500 ಮೆಟ್ಟಿಲು. ಇಳಿಯುವುದು ಸಲೀಸು, ಹತ್ತುವಾಗ ಉಸಿರು ಸೋಲುತ್ತದೆ; ಹಾಗಾಗಿ ಹೊಟ್ಟೆ ತುಂಬ ಊಟ ಮೇಲೆ ಬಂದ ಮೇಲೆಯೇ ಆಗಲಿ. ಮೊಣಕಾಲು ನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಬಲವಂತ ಮಾಡಬೇಡಿ, ಮೇಲಿನ ವೀಕ್ಷಣಾ ಕಟ್ಟೆಯಿಂದಲೇ ಪೂರ್ತಿ ಧಾರೆ ಚೆನ್ನಾಗಿ ಕಾಣುತ್ತದೆ. ನೀರು ಬೀಳುವ ಮಡುವಿಗೆ ಇಳಿಯಬಾರದು, ಸೆಳೆತ ಜೋರು. ಸ್ವಲ್ಪ ಕೆಳಗೆ ಹೊಳೆ ಶಾಂತವಾದ ಕಡೆ ಈಜಬಹುದು. ಬಂಡೆ ಪಾಚಿಗಟ್ಟಿದೆ, ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ನೀರು ಕೆಂಪಗೆ ತಿರುಗಿತೆಂದರೆ ಮೇಲೆಲ್ಲೋ ಮಳೆ ಸುರಿದಿದೆ ಎಂದರ್ಥ, ಕೂಡಲೇ ದಡ ಹತ್ತಿ.

ಊಟಕ್ಕೆ ಅನ್ನ, ಕಾಳು, ಬಾಳೆಕಾಯಿ, ಸಲಾಡ್ ಸೇರಿದ ಕಸಾದೊ ಸಿಗುತ್ತದೆ. ಸಸ್ಯಾಹಾರಿಗಳು ಸ್ಪ್ಯಾನಿಷ್‌ನಲ್ಲಿ 'ಸಿನ್ ಕಾರ್ನೆ' (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು. ಕಾರ್ನೆ ಎಂದರೆ ಅಲ್ಲಿ ಹೆಚ್ಚಾಗಿ ದನದ ಮಾಂಸ, ತಟ್ಟೆಗೆ ಕೋಳಿ ಬರಬಹುದು. 'ಸಿನ್ ಪೋಯೊ, ಸಿನ್ ಪೆಸ್ಕಾದೊ' (ಕೋಳಿ ಬೇಡ, ಮೀನು ಬೇಡ) ಎಂದೂ ಸೇರಿಸಿ. ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದೂ ಕೇಳಿ.